ಸೋತ ಗೋಪುರವನ್ನು ಮೊದಲು ತೋರಿಸುವ ಊರು

ಹೊರಡುವ ಮುನ್ನ, ಭಟ್ಟಿ ಓಣಿಯಲ್ಲಿ

ದಾವಣಗೆರೆಯಿಂದ ಹರಿಹರದ ಬಸ್ಸಿನಲ್ಲಿ ಕೂತು, ನಡುವಿನ ಬಾತಿ ದಾಟುವಷ್ಟರಲ್ಲಿ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂದು, ಇಳಿದು, ಎದುರಿನ ಬಸ್ಸು ಹತ್ತಿ ವಾಪಸ್ ಬಂದವನು ನಾನು. ಒಂದೇ ಸಲವಲ್ಲ. ಇಂಥವನನ್ನು ಫಿನ್ಲೆಂಡಿಗೆ ಕಳಿಸಬೇಕೆಂದು ದಾವಣಗೆರೆ, ಹರಿಹರದ ಮಂಡಕ್ಕಿ ಭಟ್ಟಿಯವರು ಸೇರಿ ತೀರ್ಮಾನಿಸಿದಾಗ, ಅವರಿಗೆ ನನ್ನ ಮೇಲೆ ಇಷ್ಟು ನಂಬಿಕೆಯೇ ಎಂದು ಕಣ್ಣು ತುಂಬಿ ಬಂತು. ಆಮೇಲೆ ಗೊತ್ತಾಯಿತು, ಅವರು ನಂಬಿದ್ದು ನನ್ನ ಹೆದರಿಕೆಯನ್ನು.

ವಿಷಯ ಇಷ್ಟು. ಮಂಡಕ್ಕಿ ಅರಳುವುದು ಕಾದ ಮರಳಿನಲ್ಲಿ. ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ಹೊಳೆಯ ಮರಳು, ಅಡಿಯಲ್ಲಿ ಬೆಂಕಿ. ಉಪ್ಪುನೀರು ಕುಡಿಸಿ ಬೆಚ್ಚಗೆ ಮಾಡಿದ ಅಕ್ಕಿಯನ್ನು ಆ ಮರಳಿಗೆ ಎಸೆದು ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಬೆಳ್ಳಗೆ ಅರಳಿ ಮೇಲೆ ಬರುತ್ತದೆ. ತಕ್ಷಣ ಜರಡಿಗೆ ಬಾಚಬೇಕು, ಒಂದು ಉಸಿರು ತಡವಾದರೂ ಕಪ್ಪು. ಈ ಬೆಂಕಿಗೆ ಭತ್ತದ ಹೊಟ್ಟು ಹಾಕುತ್ತೇವೆ. ಹೊಟ್ಟಿಗೆ ಚುರುಕು ಸಾಲದಾದಾಗ ಹಳೆಯ ಟೈರು ಹಾಕುತ್ತೇವೆ. ಟೈರೂ ಪೆಟ್ರೋಲಿನ ಕುಲದ್ದೇ, ಹತ್ತಿಕೊಂಡರೆ ಮರಳು ಮಿಸುಕಾಡುತ್ತದೆ. ಅದರ ಕರಿ ಹೊಗೆ ಓಣಿಯ ಗೋಡೆಗಳಲ್ಲಿ, ಒಣಹಾಕಿದ ಬಟ್ಟೆಗಳಲ್ಲಿ, ನನ್ನ ಹೆಂಡತಿ ಶಾಂತಳ ಎದೆಯಲ್ಲಿ ಕೂತಿದೆ. ಅವಳು ಭಟ್ಟಿಗೆ ಬರುವುದನ್ನು ಬಿಟ್ಟು ಬಹಳ ದಿನವಾಯಿತು, ಬಂದರೂ ಸೆರಗು ಮೂಗಿನಿಂದ ಇಳಿಯುವುದಿಲ್ಲ. ಈಗ ಮೇಲಿನಿಂದ ಮಾತು ಬಂದಿದೆ: ಟೈರು ನಿಲ್ಲಿಸಿ, ಇಲ್ಲ ಭಟ್ಟಿ ನಿಲ್ಲಿಸಿ.

ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರೊಬ್ಬರು ನಮ್ಮ ಸಭೆಗೆ ಬಂದು, ಬೇರೆ ಇಂಧನಗಳ ಸಂಶೋಧನೆಗೆಂದು ಸರ್ಕಾರ ಕೊಡುವ ಹಣದಲ್ಲಿ ಒಂದು ಪ್ರಯೋಗ ಮಾಡಬಹುದು ಎಂದರು. ಯಾರಾದರೂ ಒಂದು ಭಟ್ಟಿಯನ್ನು ಒಂದು ಹಂಗಾಮು ಬಿಟ್ಟುಕೊಡಬೇಕು. ಬೆಂಕಿಯೇ ಇಲ್ಲದೆ, ಕರೆಂಟಿನಿಂದ ಮರಳು ಕಾಯಿಸಿ ನೋಡುತ್ತಾರೆ. "ಆಗಬಹುದು, ಆಗದೆಯೂ ಇರಬಹುದು" ಎಂದು ಅವರು ಪ್ರಾಮಾಣಿಕವಾಗಿ ಸೇರಿಸಿದರು. ಆ ಕೊನೆಯ ಮಾತು ಕೇಳಿದ್ದೇ ಎಲ್ಲರೂ ತಮ್ಮ ತಮ್ಮ ಚಹಾ ಲೋಟದೊಳಗೆ ಏನೋ ಬಿದ್ದಿದೆ ಎನ್ನುವಂತೆ ಬಗ್ಗಿ ನೋಡತೊಡಗಿದರು. ಯಾರೂ ಭಟ್ಟಿ ಕೊಡುತ್ತೇನೆ ಎನ್ನಲಿಲ್ಲ. ನಾನಂತೂ ಕಂಬದ ಹಿಂದೆ ಸರಿದೆ. ನನಗಿರುವುದು ಒಂದೇ ಭಟ್ಟಿ.

ಹಾಗಾದರೆ ಇಬ್ಬರು ಹೋಗಿ ನೋಡಿಕೊಂಡಾದರೂ ಬನ್ನಿ ಎಂದರು ಮೇಷ್ಟರು. ಫಿನ್ಲೆಂಡಿನಲ್ಲಿ ಗೋಪುರದಂಥ ಕಣಜಕ್ಕೆ ಮರಳು ತುಂಬಿ, ಅದರಲ್ಲಿ ಬಿಸಿ ಕೂಡಿಟ್ಟು ಮನೆಗಳನ್ನು ಬೆಚ್ಚಗಿಡುತ್ತಾರಂತೆ. ಆ ಬಿಸಿಯಲ್ಲಿ ಒಂದು ಬಾಣಲೆ ಮಂಡಕ್ಕಿ ಹುರಿದೂ ನೋಡಬಹುದಂತೆ. ಖರ್ಚು ಯೋಜನೆಯದೇ.

ತಕ್ಷಣ ಎದ್ದು ನಿಂತವರು ರುದ್ರಣ್ಣ. ಹರಿಹರದಲ್ಲಿ ಎರಡು ಭಟ್ಟಿ ಇಟ್ಟವರು, ನನ್ನ ಹೆಂಡತಿಯ ಅಕ್ಕನ ಗಂಡ. ಷಡ್ಡಕನಾದರೂ ನನಗೆ ಅಣ್ಣನ ಹಾಗೆ, ಅಂದರೆ ಬೈಯುವುದರಲ್ಲಿ.

"ನಮ್ಮ ಚಂದ್ರಶೇಖರನ್ನ ಕಳಿಸ್ರಿ. ಅವ ಹೋದ್ರೆ ಬ್ಯಾಡ ಅಂತಾನೇ ಬರ್ತಾನೆ. ಜೋಡಿಗೆ ನಾ ಇರ್ತೀನಿ, ಅಪ್ಪಿತಪ್ಪಿ ಹೂಂ ಅಂದ್ರೆ ಕಿವಿ ಹಿಂಡಾಕೆ."

ಸಭೆ ಚಪ್ಪಾಳೆ ತಟ್ಟಿತು. ಹೊರಡುವ ದಿನ ಮನೆಯ ಬಾಗಿಲಲ್ಲಿ ಶಾಂತ ಮಾತ್ರ ಬೇರೆ ಮಾತು ಹೇಳಿ ಕಳಿಸಿದಳು: "ಹೆದ್ರಿಕೊಂಡಾದ್ರೂ ಹೋಗಿ ನೋಡ್ರಿ. ಕಣ್ಣು ಮಾತ್ರ ಮುಚ್ಕೋಬ್ಯಾಡ್ರಿ."

ಹೆಲ್ಸಿಂಕಿ

ವಿಮಾನದಲ್ಲಿ ಹೆದರಲು ಸಿಕ್ಕ ಕಾರಣಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಅದನ್ನು ಬಿಟ್ಟು ನೇರವಾಗಿ ಪೆಟ್ಟಿಗೆ ತೆರೆಸಿದ ಕಥೆಗೆ ಬರುತ್ತೇನೆ.

ರುದ್ರಣ್ಣನ ಪೆಟ್ಟಿಗೆ ಯಾಕೆ ಅಷ್ಟು ಭಾರ ಎಂದು ಬೆಂಗಳೂರಿನಲ್ಲೇ ಕೇಳಿದ್ದೆ. "ನಿಮ್ಮಕ್ಕ ಉಂಡಿ ಕೊಟ್ಟಾಳೆ" ಎಂದಿದ್ದರು. ಹೆಲ್ಸಿಂಕಿಯಲ್ಲಿ ಸುಂಕದ ಅಧಿಕಾರಿಣಿ ಪೆಟ್ಟಿಗೆ ತೆರೆಸಿದಾಗ ಒಳಗಿಂದ ಬಂದದ್ದು ಒಂದು ಚೀಲ ಮಂಡಕ್ಕಿ ಅಕ್ಕಿ, ಇನ್ನೊಂದು ಚೀಲ ಮರಳು. ಹರಿಹರದ ಹೊಳೆಯಿಂದ ತಂದು, ತೊಳೆದು, ಜರಡಿ ಹಿಡಿದು, ಎರಡು ಹೊಲಿಗೆ ಹಾಕಿದ ಮರಳು.

"ಇದೇನು?" ಎಂದಳು ಆಕೆ.

"ಮರಳು" ಎಂದೆ ನನ್ನ ಬಿ.ಕಾಂ. ಇಂಗ್ಲಿಷಿನಲ್ಲಿ.

"ಯಾತಕ್ಕೆ?"

ಮರಳು ತುಂಬಿದ ಗೋಪುರ ನೋಡಲು ಬಂದವರು ಮರಳು ಯಾಕೆ ತಂದೆವು ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕನ್ನಡದಲ್ಲೂ ನನಗೆ ಹೊಳೆಯಲಿಲ್ಲ.

"ರುದ್ರಣ್ಣ, ಯಾಕೆ ತಂದ್ರಿ ಇದನ್ನ?"

"ಇವರ ಮರಳು ಹೆಂಗಿರುತ್ತೋ ಯಾರು ಕಂಡಾರಪಾ? ನಮ್ಮ ಹೊಳಿ ಮರಳಿಗೆ ಕಾವು ಹಿಡಿಯೋ ಗುಣ ಐತೆ. ನಾಳೆ ಮಂಡಕ್ಕಿ ಅರಳ್ಲಿಲ್ಲಂದ್ರೆ, ನಿಮ್ಮ ಕೈ ಸರಿಯಿಲ್ಲ ಅಂತಾರೆ. ಅದಕ್ಕ."

ಹೊರದೇಶದ ಮಣ್ಣು ಒಳಗೆ ಬಿಡುವಂತಿಲ್ಲ ಎಂದು ಆಕೆ ತಾಳ್ಮೆಯಿಂದ ಹೇಳಿದಳು. ಗದರಲಿಲ್ಲ. ನನ್ನನ್ನು ಜೈಲಿಗೆ ಹಾಕಲಿಲ್ಲ, ನಾನಾಗಲೇ ಅಲ್ಲಿ ಯಾವ ಊಟ ಕೊಟ್ಟಾರು ಎಂದು ಯೋಚಿಸಿಯಾಗಿತ್ತು. ಅಕ್ಕಿ ಬಿಟ್ಟಳು, ಮರಳು ಉಳಿಸಿಕೊಂಡಳು. ದಾರಿಗೆಂದು ತಂದಿದ್ದ ಮಂಡಕ್ಕಿಯ ಪೊಟ್ಟಣ ಕೊಡಲು ಹೋದರೆ ಅದನ್ನು ನಗುತ್ತ ವಾಪಸ್ ಮಾಡಿದಳು. ತುಂಗಭದ್ರೆಯ ಮರಳನ್ನು ಕಸದ ಡಬ್ಬಿಗೆ ಇಳಿಸುವಾಗ ರುದ್ರಣ್ಣ ಚಪ್ಪಲಿ ಬಿಟ್ಟು ನಿಂತಿದ್ದರು.

ತಾಂಪೆರೆ: ಇನ್ನೊಂದು ಮ್ಯಾಂಚೆಸ್ಟರ್

ರೈಲು ಇಳಿದ ಊರಿನ ಹೆಸರು ತಾಂಪೆರೆ. ನವೆಂಬರಿನ ಕೊನೆ. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಕತ್ತಲು. ಇದು ಮೋಡವೋ ಗ್ರಹಣವೋ ಎಂದು ಮೊದಲ ದಿನ ಎರಡು ಸಲ ಗಡಿಯಾರ ನೋಡಿಕೊಂಡೆ.

ಆದರೆ ಊರು ನೋಡಿದ ಕೂಡಲೇ ಎದೆಗೆ ಏನೋ ತಾಗಿತು. ಎರಡು ಕೆರೆಗಳ ನಡುವೆ ಹರಿಯುವ ನೀರು, ದಂಡೆಯುದ್ದಕ್ಕೂ ಕೆಂಪು ಇಟ್ಟಿಗೆಯ ಹತ್ತಿ ಗಿರಣಿಗಳು, ಮೇಲೆ ಹೊಗೆಯಿಲ್ಲದ ಚಿಮಣಿಗಳು. ಒಂದು ಕಾಲಕ್ಕೆ ಈ ಊರನ್ನು ಫಿನ್ಲೆಂಡಿನ ಮ್ಯಾಂಚೆಸ್ಟರ್ ಎನ್ನುತ್ತಿದ್ದರಂತೆ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಹಾಗೆ. ಅಲ್ಲಿಯೂ ಮಗ್ಗಗಳ ಸದ್ದು ನಿಂತಿದೆ, ಇಲ್ಲಿಯೂ ನಿಂತಿದೆ. ಅಸಲಿ ಮ್ಯಾಂಚೆಸ್ಟರಿನವರಿಗೆ ನಮ್ಮಿಬ್ಬರ ಸುದ್ದಿಯೂ ಗೊತ್ತಿರಲಾರದು.

"ನಮ್ಮ ಗಿರಣಿ ಕೆಡವಿದ ಜಾಗ ನೋಡಿದ್ರೆ ಹೊಟ್ಟೆ ಉರಿತೈತೆ" ಎಂದರು ರುದ್ರಣ್ಣ. "ಇವರು ನೋಡು, ಒಂದಿಟ್ಟಿಗೆ ಕಿತ್ತಿಲ್ಲ. ಒಳಗ ಹೋಟ್ಲು, ಲೈಬ್ರರಿ ಮಾಡ್ಯಾರೆ."

ಇಲ್ಲಿನವರು ಬಸ್ ಸ್ಟಾಪಿನಲ್ಲಿ ನಿಲ್ಲುವ ರೀತಿ ಬೇರೆ. ಒಬ್ಬರಿಂದ ಒಬ್ಬರಿಗೆ ಎತ್ತಿನಗಾಡಿ ಹಾಯುವಷ್ಟು ಜಾಗ ಬಿಡುತ್ತಾರೆ. ರುದ್ರಣ್ಣ ಇದನ್ನು ಖಾಲಿ ಜಾಗ ಎಂದೇ ತಿಳಿದು ನಡುವೆ ಹೋಗಿ ನಿಂತರು. ಎಡಗಡೆಯವನು ಅಷ್ಟು ದೂರ ಸರಿದ. ರುದ್ರಣ್ಣ ಮಾತಾಡಿಸಲು ಮತ್ತೆ ಹತ್ತಿರ ಹೋದರು. ಅವನು ಮತ್ತೆ ಸರಿದ. ಬಸ್ಸು ಬರುವಷ್ಟರಲ್ಲಿ ಇಬ್ಬರೂ ಸ್ಟಾಪು ದಾಟಿ ಔಷಧಿ ಅಂಗಡಿಯ ಮುಂದಿದ್ದರು. ಆದರೂ ಬಸ್ಸಿನ ಬಾಗಿಲಲ್ಲಿ ರುದ್ರಣ್ಣನ ಕಾಲು ಮಂಜಿನಲ್ಲಿ ಜಾರಿದಾಗ ರಟ್ಟೆ ಹಿಡಿದು ನಿಲ್ಲಿಸಿದವನು ಅವನೇ. ಹಿಡಿದು, ನಿಲ್ಲಿಸಿ, ಒಂದು ಮಾತೂ ಆಡದೆ ಹೋಗಿ ದೂರದ ಸೀಟಿನಲ್ಲಿ ಕೂತ.

ಮನೆಯ ಹಾಗೆ ಅನಿಸಿದ್ದು ಎರಡು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಪಾದರಕ್ಷೆ ಬಿಡುತ್ತಾರೆ. ಮತ್ತು ಕಾಫಿಯ ಜೊತೆ ಕೊಡುವ ಬನ್ನಿನಲ್ಲಿ ಏಲಕ್ಕಿ ಇರುತ್ತದೆ. ಆ ಕತ್ತಲ ಊರಿನಲ್ಲಿ ಏಲಕ್ಕಿಯ ವಾಸನೆ ಬಂದದ್ದೇ ರುದ್ರಣ್ಣ, "ಇವರು ಕೆಟ್ಟೋರಲ್ಲ ಬಿಡು" ಎಂದು ಇಡೀ ದೇಶಕ್ಕೆ ಸರ್ಟಿಫಿಕೇಟು ಕೊಟ್ಟುಬಿಟ್ಟರು.

ಗೋಪುರದ ಅಂಗಳ

ಊರ ಹೊರಗಿನ ಸಂಶೋಧನಾ ಕೇಂದ್ರದ ಗೇಟಿನಲ್ಲಿ ನಮ್ಮನ್ನು ಎದುರುಗೊಂಡವರು ಐನೊ. ಸಂಶೋಧಕಿ, ನನ್ನದೇ ವಯಸ್ಸು ಇರಬಹುದು. ತಲೆಗೆ ಉಣ್ಣೆಯ ಟೋಪಿ, ಕೈಗೆ ಮಸಿ. ಮಾತು ನಿಧಾನ. ಒಂದು ಪ್ರಶ್ನೆ ಕೇಳಿದರೆ ಇವರಿಗೆ ಕೇಳಿಸಲಿಲ್ಲವೇನೋ ಎಂದು ನಾವು ಮತ್ತೆ ಕೇಳಬೇಕು ಎನ್ನುವಷ್ಟರಲ್ಲಿ ಉತ್ತರ ಬರುತ್ತದೆ.

ನಾವು ನೋಡಬೇಕಾದ ಗೋಪುರ ಎದುರಿಗೇ ಕಾಣುತ್ತಿತ್ತು. ಮೂರು ಮಾಳಿಗೆ ಎತ್ತರದ ಉಕ್ಕಿನ ಕಣಜ. ಐನೊ ಅದರ ಕಡೆ ಹೋಗದೆ ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಇನ್ನೊಂದು ಗೋಪುರ ಇತ್ತು, ತುಕ್ಕು ಹಿಡಿದದ್ದು, ಒಂದು ಬದಿ ಹೊಟ್ಟೆಯೊಡೆದು ಬಿರಿದದ್ದು. ಒಳಗೆ ಸೈಕಲ್ಲುಗಳನ್ನು ನಿಲ್ಲಿಸಿದ್ದರು.

"ಇದು ನಮ್ಮ ಮೊದಲನೆಯದು" ಎಂದರು ಐನೊ. "ಕಾದಾಗ ಹಿಗ್ಗಿತು, ಆರಿದಾಗ ಮರಳು ಜಗ್ಗಿ ಕೂತಿತು, ಮತ್ತೆ ಕಾಯಿಸಿದಾಗ ಬಿರಿಯಿತು. ನನ್ನ ಕೆಲಸದ ಬಹಳ ವರ್ಷ ಇದರಲ್ಲಿ ಹೋಯಿತು. ಬಂದವರಿಗೆಲ್ಲ ಮೊದಲು ಇದನ್ನು ತೋರಿಸುತ್ತೇವೆ."

ನಾನು ರುದ್ರಣ್ಣನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಮ್ಮಲ್ಲಿ ಬಾಣಲೆಗೆ ಸಣ್ಣ ಬಿರುಕು ಬಿದ್ದರೂ ಗಿರಾಕಿ ಬರುವ ಮುನ್ನ ಗೋಣಿಚೀಲ ಮುಚ್ಚುತ್ತೇವೆ.

ಆಮೇಲೆ ಹೊಸ ಗೋಪುರಕ್ಕೆ ಬಂದೆವು. ಗಾಳಿ ಜೋರಾಗಿ ಬೀಸುವ ದಿನ ಗಾಳಿಯಂತ್ರಗಳಿಂದ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಬರುತ್ತದೆ. ಆ ಕರೆಂಟಿನಿಂದ ಈ ಕಣಜದೊಳಗಿನ ಮರಳನ್ನು ಕಾಯಿಸಿಡುತ್ತಾರೆ. ಗಾಳಿ ಸತ್ತ ದಿನ ಮರಳಿನಿಂದ ಬಿಸಿ ತೆಗೆದು, ಕೊಳವೆಗಳಲ್ಲಿ ಸುತ್ತಲಿನ ಮನೆಗಳಿಗೆ ಕಳಿಸುತ್ತಾರೆ. ಅಷ್ಟೇ. ಕಲ್ಲಿದ್ದಲಿಲ್ಲ, ಎಣ್ಣೆಯಿಲ್ಲ, ಹೊಗೆಯಿಲ್ಲ. ಹೊರಗೆ ಮಂಜು ಬೀಳುತ್ತಿತ್ತು. ಗೋಪುರಕ್ಕೆ ಕಿವಿಯಿಟ್ಟೆ. ಸದ್ದೂ ಇಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅವಕ್ಕೂ ನನ್ನ ಬಾಣಲೆಗೂ ಸಂಬಂಧ ಇರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ರೆಕ್ಕೆ ಮುರಿದು ಬಸ್ಸಿನ ಮೇಲೆ ಬಿದ್ದರೆ ಎಂದಷ್ಟೇ ಹೊಳೆದಿತ್ತು.

"ಕೇಳು ಆಯಮ್ಮನ್ನ" ಎಂದರು ರುದ್ರಣ್ಣ. "ಆ ಒಡೆದ ಗೋಪುರದ ಖರ್ಚು ಯಾರು ಹೊತ್ರು?"

ಕೇಳಿದೆ. "ಎಲ್ಲರೂ" ಎಂದರು ಐನೊ. "ತೆರಿಗೆಯ ದುಡ್ಡು."

"ಹಂಗಂದ್ರೆ ನಮ್ಮ ಕಥೇನೂ ಹೇಳು. ನಮ್ಮ ಮಾವನ ಊರಾಗ ಸರ್ಕಾರದ್ದೇ ದುಡ್ಡಿನಾಗ ಸೋಲಾರ್ ದೀಪ ನಿಲ್ಸಿದ್ರು. ಬ್ಯಾಟ್ರಿ ಹೋತು. ಈಗ ಆ ಕಂಬಕ್ಕೆ ಎಮ್ಮೆ ಕಟ್ತಾರೆ. ರಸ್ತೆ ಗುಂಡಿ ಮುಚ್ಚಾಕೇ ದುಡ್ಡಿಲ್ಲ ಅಂತಾರೆ, ಮರಳು ಕಾಯ್ಸಾಕೆ ಎಲ್ಲಿಂದ ಕೊಡ್ಬೇಕು? ಲಾಭ ಐತೆ ಅಂದ್ರೆ ಯಾವನಾದ್ರೂ ಸಾಹುಕಾರ ಮಾಡ್ತಾನೆ. ಸರ್ಕಾರಕ್ಕ್ಯಾಕ ಬೇಕು ಉಸಾಬರಿ?"

ಎಮ್ಮೆಯ ಸಮೇತ ಅನುವಾದಿಸಿದೆ. ಐನೊ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. ಸಿಟ್ಟು ಬಂತೇನೋ ಎಂದು ನಾನು ಕ್ಷಮೆಯ ವಾಕ್ಯವೊಂದನ್ನು ಜೋಡಿಸುತ್ತಿದ್ದೆ.

"ದೀಪ ಯಾಕೆ ಕೆಟ್ಟಿತು ಎಂದು ಯಾರಾದರೂ ಹೋಗಿ ನೋಡಿದರೇ?" ಎಂದರು.

ರುದ್ರಣ್ಣ ಯೋಚಿಸಿದರು. "ಎಮ್ಮೆ ನೋಡ್ತು."

ಐನೊ ಜೋರಾಗಿ ನಕ್ಕರು. ಆ ದೇಶದಲ್ಲಿ ನಾವು ಕೇಳಿದ ಮೊದಲ ಜೋರು ಸದ್ದು ಅದು. ನಕ್ಕು ಮುಗಿದ ಮೇಲೆ ಹೇಳಿದರು: "ವ್ಯಾಪಾರಿಗೆ ನಾಳೆಯೇ ಬಿಸಿ ಮಾರಬೇಕು. ಸೋಲಲು ಅವನಿಗೆ ಪುರುಸೊತ್ತಿಲ್ಲ. ಒಂದು ಸಲ ಸೋತರೆ ಬಾಗಿಲು ಮುಚ್ಚಬೇಕು. ಅದಕ್ಕೇ ಮೊದಲು ಎಲ್ಲರ ದುಡ್ಡಿನಲ್ಲಿ ಸೋಲಬೇಕು. ಆದರೆ ದುಡ್ಡು ಎಲ್ಲರದು ಎಂದ ಮೇಲೆ ಸೋಲೂ ಎಲ್ಲರದು. ಬಚ್ಚಿಡಲು ನನಗೆ ಹಕ್ಕಿಲ್ಲ."

ರುದ್ರಣ್ಣ ಒಪ್ಪಲಿಲ್ಲ. ಆದರೆ ಹಿತ್ತಲಿನ ಕಡೆ ಒಮ್ಮೆ ತಿರುಗಿ ನೋಡಿದರು.

ಬಾಣಲೆಯ ಮುಂದೆ

ಮರುದಿನ ನಮ್ಮ ಪರೀಕ್ಷೆ. ಗೋಪುರದ ಬಿಸಿಗಾಳಿ ಅಡಿಯಲ್ಲಿ ಹಾಯುವಂತೆ ಒಂದು ಕಬ್ಬಿಣದ ಬಾಣಲೆ ಕೂರಿಸಿದ್ದರು, ಅವರದೇ ಮರಳು ತುಂಬಿಸಿದ್ದರು. ರುದ್ರಣ್ಣ ಆ ಮರಳನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, "ನಡಿತೈತೆ" ಎಂದರು. ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡರು ಎಂದು ನನ್ನ ಅನುಮಾನ.

ರಾತ್ರಿ ಉಪ್ಪುನೀರು ಕುಡಿಸಿದ್ದ ಅಕ್ಕಿಯನ್ನು ಕೋಣೆಯ ಬಿಸಿ ಕೊಳವೆಗಳ ಮೇಲೆ ನನ್ನ ಪಂಚೆ ಹಾಸಿ ಒಣಗಿಸಿದ್ದೆವು. ಬೆಳಿಗ್ಗೆ ಕೋಣೆ ಗುಡಿಸಲು ಬಂದವಳು ಹಾಸಿಗೆಯಿಂದ ಕೊಳವೆಯವರೆಗೂ ಅಕ್ಕಿ ಕಂಡು, ಇದು ನಮ್ಮ ಪೂಜೆಯಿರಬೇಕೆಂದು ತುದಿಗಾಲಲ್ಲಿ ಹಿಂದೆ ಸರಿದು ಬಾಗಿಲು ಹಾಕಿಕೊಂಡು ಹೋದಳು.

ರುದ್ರಣ್ಣ ಕೋಟು ಬಿಚ್ಚಿ ತೋಳು ಮಡಚಿ ನಿಂತರು. ಮೊದಲ ಅಕ್ಕಿ ಮರಳಿಗೆ ಬಿತ್ತು, ಕೈಯಾಡಿತು, ಚಟಚಟ ಎಂದಿತು. ಅರಳಿತು! ಬೆಳ್ಳಗೆ, ಉದ್ದಕ್ಕೆ, ದಾವಣಗೆರೆಯ ಮಂಡಕ್ಕಿಯೇ. ಹೊಗೆಯ ವಾಸನೆಯಿಲ್ಲದ ಮಂಡಕ್ಕಿಯನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ, ಬರೀ ಅಕ್ಕಿ ಮತ್ತು ಉಪ್ಪಿನ ರುಚಿ. ಶಾಂತಳಿಗೆ ಇದನ್ನು ತಿನ್ನಿಸಬೇಕು ಎನಿಸಿತು. ಐನೊ ಮತ್ತು ಅವರ ಜೊತೆಯವರು ಮೌನವಾಗಿ ಸಂತೋಷಪಟ್ಟರು, ಅಂದರೆ ಹುಬ್ಬು ಮೇಲೆತ್ತಿದರು.

ಎರಡನೆಯ ಸಲ ಅರ್ಧ ಅರಳಿತು, ಅರ್ಧ ಕಾಳಾಗಿಯೇ ಉಳಿಯಿತು. ಮೂರನೆಯ ಸಲ ಅಕ್ಕಿ ಅಕ್ಕಿಯಾಗಿಯೇ ಹೊರಗೆ ಬಂತು. ಸ್ವಲ್ಪ ಕೆಂಪಾಗಿತ್ತು, ಅಷ್ಟೇ.

ಕಾರಣ ಐನೊಗೆ ಬೇಗ ತಿಳಿಯಿತು, ನಮಗೂ ತಿಳಿಯಿತು. ಅಕ್ಕಿ ಬಿದ್ದಾಗಲೆಲ್ಲ ಮರಳಿನ ಕಾವು ಇಳಿಯುತ್ತದೆ. ನಮ್ಮಲ್ಲಿ ಇಳಿದ ಕೂಡಲೇ ಅಡಿಗೆ ಟೈರಿನ ತುಂಡು ತಳ್ಳುತ್ತೇವೆ, ಜ್ವಾಲೆ ಎದ್ದು ಕಾವು ತುಂಬುತ್ತದೆ. ಅವರ ಬಿಸಿಗಾಳಿ ಸಮಾಧಾನದ ಪ್ರಾಣಿ, ಆ ದೇಶದವರ ಹಾಗೇ. ಬರುತ್ತದೆ, ಆದರೆ ಯೋಚಿಸಿ ಬರುತ್ತದೆ. ಗಾಳಿಯ ಬಿಸಿ ಏರಿಸಿದರು, ಅಕ್ಕಿ ಕಪ್ಪಾಯಿತು. ಮರಳು ಹೆಚ್ಚಿಸಿದರು, ಮತ್ತೂ ನಿಧಾನವಾಯಿತು. ದಿನವಿಡೀ ಇದೇ. ಇಷ್ಟು ದೂರ ಬಂದು, ಇಷ್ಟು ಜನರ ದಿನ ಹಾಳುಮಾಡಿ, ಕೊನೆಗೆ ಕೆಂಪಕ್ಕಿ.

"ಆಗ್ಲಿಲ್ಲ" ಎಂದರು ರುದ್ರಣ್ಣ ತೋಳು ಇಳಿಸುತ್ತ. ಗೆದ್ದ ಧ್ವನಿಯಲ್ಲಿ ಹೇಳಬೇಕೆಂದಿದ್ದರು ಅನಿಸುತ್ತದೆ. ಗೆದ್ದ ಹಾಗೆ ಕೇಳಿಸಲಿಲ್ಲ.

ಐನೊ ಏನು ಮಾಡಿದರು ಗೊತ್ತೇ? ಕೆಟ್ಟ ಅಕ್ಕಿಯನ್ನು ಒಂದು ಗಾಜಿನ ಬಾಟಲಿಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿ, ಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟರು. ಆ ಕಪಾಟಿನ ತುಂಬ ಅಂಥವೇ: ಸೀಳಿದ ಕೊಳವೆ, ಕರಗಿದ ತಂತಿ, ಉಂಡೆಗಟ್ಟಿದ ಮರಳು. ಒಳಗೆ ಬರುವ ಪ್ರತಿಯೊಬ್ಬರ ಕಣ್ಣಿಗೂ ಮೊದಲು ಬೀಳುವ ಜಾಗ. ನಮ್ಮ ಊರಿನಲ್ಲಾದರೆ ಅಲ್ಲಿ ಮಂತ್ರಿಗಳು ರಿಬ್ಬನ್ ಕತ್ತರಿಸುವ ಫೋಟೋ ಇರುತ್ತಿತ್ತು.

"ಒಳ್ಳೆಯ ದಿನ" ಎಂದರು ಐನೊ, ಟೋಪಿ ಸರಿಮಾಡಿಕೊಳ್ಳುತ್ತ. ನಾನು ವ್ಯಂಗ್ಯವೆಂದುಕೊಂಡೆ. ಅಲ್ಲ.

ಉಗಿಮನೆ

ಸಂಜೆ ಅವರು ನಮ್ಮನ್ನು ಊರಿನ ಹಳೆಯ ಸೌನಾಕ್ಕೆ ಕಳಿಸಿದರು. ಮರದ ಕೋಣೆ, ಮೂಲೆಯಲ್ಲಿ ಕಾದ ಕಲ್ಲುಗಳ ರಾಶಿ, ಮೆಟ್ಟಿಲು ಮೆಟ್ಟಿಲಾಗಿ ಕೂತ ಗಂಡಸರು, ಮೈಮೇಲೆ ನೂಲಿಲ್ಲ. ನಾನು ಟವೆಲ್ ಮೇಲೆ ಟವೆಲ್ ಸುತ್ತಿಕೊಂಡು, ಗಂಟು ಬಿಚ್ಚಿದರೆ ಏನು ಗತಿ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತೆ. ರುದ್ರಣ್ಣ ಟವೆಲನ್ನು ಧೋತರದ ಹಾಗೆ ಕಚ್ಚೆ ಹಾಕಿ ನೇರ ಮೇಲಿನ ಮೆಟ್ಟಿಲಿಗೆ ಹತ್ತಿದರು. ಯಾರೋ ಕಲ್ಲಿನ ಮೇಲೆ ನೀರು ಸುರಿದರು. ಉಗಿ ಭುಸ್ಸೆಂದು ಎದ್ದಿತು. ಉಳಿದವರೆಲ್ಲ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ರುದ್ರಣ್ಣ ಮಾತ್ರ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

"ಇದ್ಯಾವ ಬಿಸಿ ಚಂದ್ರಶೇಖರ? ನಮ್ಮ ಭಟ್ಟಿ ಮುಂದ ಕೂಡ್ಸಿದ್ರೆ ಇವರು ನಮಗೇ ದುಡ್ಡು ಕೊಡ್ತಾರೆ."

ಅವರ ತಾಳ್ಮೆ ನೋಡಿ ಪಕ್ಕದ ಮುದುಕರು ಮಾತಾಡಿಸಿದರು. ಅದು ಅಲ್ಲಿ ಪದಕ ಕೊಟ್ಟ ಹಾಗೆ. ಅವರು ನಿವೃತ್ತ ಬಸ್ ಚಾಲಕರು. ಮರಳಿನ ಗೋಪುರ ನೋಡಲು ಬಂದವರು ಎಂದೆ.

"ಓ, ಅದಾ?" ಎಂದು ಅವರು ಮೂಗು ಮುರಿದರು. "ನನ್ನ ತೆರಿಗೆಯಲ್ಲಿ ವರ್ಷಗಟ್ಟಲೆ ಮರಳು ಹುರಿದರು. ಮೊದಲನೆಯದು ಒಡೆದಾಗ ನಾನು ಪತ್ರಿಕೆಗೆ ಬೈದು ಬರೆದಿದ್ದೆ. ಅಚ್ಚಾಯಿತು."

ಅನುವಾದ ಕೇಳಿದ ರುದ್ರಣ್ಣನ ಮುಖ ಅರಳಿತು. ಇಷ್ಟು ದಿನದಲ್ಲಿ ಸಿಕ್ಕ ಮೊದಲ ನೆಂಟ. "ಹಂಗಾದ್ರೆ ನಿಲ್ಲಿಸ್ಬೇಕು ಅಂತೀರೇನ್ರಿ ಅಜ್ಜಾರೆ?"

ಮುದುಕರು ಇನ್ನೊಂದು ಸೌಟು ನೀರು ಸುರಿದು, ಉಗಿ ಇಳಿಯುವವರೆಗೆ ಕಾದು ಹೇಳಿದರು: "ನಿಲ್ಲಿಸುವುದೇ? ಈಗ ನನ್ನ ಮನೆ ಬೆಚ್ಚಗಿರುವುದು ಅದರಿಂದ. ನನ್ನ ಅಪ್ಪನ ಕಾಲದಲ್ಲಿ ಕಲ್ಲಿದ್ದಲು, ಎಣ್ಣೆ ಹೊರಗಿನಿಂದ ಬರಬೇಕಿತ್ತು. ಎಲ್ಲೋ ಯಾರೋ ಜಗಳವಾಡಿದರೆ ನಮ್ಮ ಮನೆ ತಣ್ಣಗಾಗುತ್ತಿತ್ತು. ನಾನು ಬೈಯುವುದು ಅವರು ಕಣ್ಣು ತೆರೆದು ಕೆಲಸ ಮಾಡಲಿ ಅಂತ. ಬೈಯಲು ನನಗೆ ಹಕ್ಕಿದೆ, ದುಡ್ಡು ನನ್ನದಲ್ಲವೇ?"

ರುದ್ರಣ್ಣ ಹೊರಗೆ ಬಂದು ಬರಿಮೈಯಲ್ಲೇ ಮಂಜಿನಲ್ಲಿ ನಿಂತರು. ಸೆಕೆ ತಲೆಗೇರಿತೇನೋ ಎಂದು ನನಗೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದೆ. ಕೈ ತಳ್ಳಿ, "ಮುದುಕ ಬೆರಿಕಿ ಅದಾನೆ" ಎಂದರು. ಬೆರಿಕಿ ಅಂದರೆ ಚಾಲಾಕಿ, ಹರಿಹರದಲ್ಲಿ ಇದು ದೊಡ್ಡ ಹೊಗಳಿಕೆ.

ಕೊನೆಯ ಕಾಫಿ

ಹೊರಡುವ ದಿನ ಐನೊ ಒಂದು ಉಪಾಯ ಮುಂದಿಟ್ಟರು. ಒಂದರ ಬದಲು ಎರಡು ಬಾಣಲೆ. ಒಂದರಲ್ಲಿ ಅಕ್ಕಿ ಅರಳುವಾಗ ಇನ್ನೊಂದರ ಮರಳು ಕಾವು ತುಂಬಿಕೊಳ್ಳುತ್ತದೆ. ಹುರಿಯುವವರು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ.

"ಆದರೆ ಅದನ್ನು ಇಲ್ಲಿ ತಿಳಿಯಲಾಗದು" ಎಂದರು. "ಹುರಿಯುವ ಕೈಗಳಿರುವುದು ನಿಮ್ಮ ಊರಿನಲ್ಲಿ. ನಿಮ್ಮ ಅಕ್ಕಿ, ನಿಮ್ಮ ಸೆಕೆ, ನಿಮ್ಮ ಕರೆಂಟು ಹೋಗಿ ಬರುವ ರೀತಿ. ನಿಮ್ಮ ಕಾಲೇಜಿನವರು ನಿಜವಾದ ಭಟ್ಟಿಯಲ್ಲೇ ಮಾಡಬೇಕು. ಬಹುಶಃ ಮೊದಲ ಹಂಗಾಮು ಸೋಲುತ್ತದೆ. ಯಾರಾದರೂ ಕೊಡುತ್ತಾರೆಯೇ?"

ಕಾಫಿಯ ಬಟ್ಟಲಿನೊಳಗೆ ಏನೋ ಬಿದ್ದಿದೆ ಎನ್ನುವಂತೆ ನಾನು ಬಗ್ಗಿ ನೋಡಿದೆ. ಏಲಕ್ಕಿ ಬನ್ನಿನ ಚೂರು ತೇಲುತ್ತಿತ್ತು.

ವಾಪಸ್ ಬಂದ ಮೇಲೆ

ಭಟ್ಟಿಯವರ ಸಭೆ ತುಂಬಿತ್ತು. ಮಂಡಕ್ಕಿ, ಮಿರ್ಚಿ ಬಂತು. ಮೇಷ್ಟರು ಮೂಲೆಯಲ್ಲಿ ಕೂತಿದ್ದರು. ರುದ್ರಣ್ಣ ಎದ್ದು ಸುಳ್ಳು ಸೇರಿಸದೆ ಹೇಳಿದರು.

"ಮೊದಲ್ನೇ ಸಲ ಅರಳ್ತು. ಎರಡನೇದು ಅರ್ಧ. ಮೂರನೇದು ಇಲ್ಲ. ಇದ್ದಿದ್ದು ಇದ್ದಂಗೆ ಹೇಳೀನಿ."

ಸಭೆ ನಿಟ್ಟುಸಿರು ಬಿಟ್ಟಿತು, ಪರೀಕ್ಷೆ ಮುಂದೆ ಹೋದಾಗ ಹುಡುಗರು ಬಿಡುವ ಹಾಗೆ. ಒಬ್ಬರು "ಮುಗೀತಲ್ಲ, ಇನ್ನ ಮಿರ್ಚಿ ತಿನ್ರಿ" ಎಂದರು. ಇನ್ನೊಬ್ಬರು ನನ್ನ ಕಡೆ ಕೈ ತೋರಿಸಿ, "ಚಂದ್ರಣ್ಣಂದೂ ಒಂದು ಮಾತಾಗ್ಲಿ, ಬ್ಯಾಡ ಅನ್ನೋದನ್ನ ಅವರ ಬಾಯಾಗೇ ಕೇಳೋಣ" ಎಂದರು.

ಎದ್ದೆ. ನನಗೆ ತಿಳಿದದ್ದು ಹೆದರಿಕೆಯೊಂದೇ, ಅದನ್ನೇ ಹೇಳಿದೆ. ಹಂಗಾಮೆಲ್ಲ ಹೋಗಬಹುದು. ಗಿರಾಕಿಗಳು ಬೇರೆ ಕಡೆ ಹೋದರೆ ಮತ್ತೆ ಬರಲಿಕ್ಕಿಲ್ಲ. ಕರೆಂಟು ಹೋದರೆ ಬಾಣಲೆಯಲ್ಲಿ ಅಕ್ಕಿ ಅರ್ಧಕ್ಕೆ ನಿಲ್ಲುತ್ತದೆ. ಯೋಜನೆಯ ಹಣ ನಡುವೆ ನಿಂತರೆ ಭಟ್ಟಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೆಲಸದವರು ಕೂಲಿಗೆ ಬೇರೆ ಕಡೆ ಹೋಗಬಹುದು. ಶಾರ್ಟ್ ಸರ್ಕ್ಯೂಟ್ ಆಗಬಹುದು. ಹಲ್ಲಿ ಬೀಳಬಹುದು. ಒಂದೊಂದಕ್ಕೂ ಸಭೆ ತಲೆಯಾಡಿಸಿತು. ರುದ್ರಣ್ಣ ಹೆಮ್ಮೆಯಿಂದ ಸುತ್ತ ನೋಡಿದರು, ನಾನು ಹೇಳಿರಲಿಲ್ಲವೇ ಎನ್ನುವಂತೆ.

"ಇವೆಲ್ಲಾ ಆಗ್ತಾವೆ ಅಂತ ನನಗೆ ಗ್ಯಾರಂಟಿ ಐತೆ" ಎಂದೆ. "ಆದ್ರೆ ನಾವ್ಯಾರೂ ನಮ್ಮ ಸ್ವಂತ ದುಡ್ಡಿನಾಗ ಇದನ್ನ ಮಾಡಾಕಾಗಲ್ಲ. ಒಂದು ಸಲ ಸೋತ್ರೆ ನಾವು ಬೀದಿಗೆ ಬೀಳ್ತೀವಿ. ಸೋಲಾಕೆ ಸರ್ಕಾರ ದುಡ್ಡು ಕೊಡ್ತೀನಿ ಅಂತೈತೆ. ಇಂಥದ್ದಕ್ಕಲ್ಲದೆ ಇನ್ಯಾವುದಕ್ಕೆ ಕೊಡ್ಬೇಕ್ರಿ ಅದು? ನನ್ನ ಭಟ್ಟಿ ತಗೊಳ್ರಿ ಮೇಷ್ಟ್ರೆ."

ಹೇಳಿದ ಮೇಲೆ ಹೇಳಿದ್ದು ನಾನೇನಾ ಎಂದು ಹಿಂದೆ ತಿರುಗಿ ನೋಡಿದೆ.

ಮೊದಲು ಬಾಯಿ ತೆರೆದವರು ರುದ್ರಣ್ಣ. ಕಿವಿ ಹಿಂಡಲು ಬಂದವರ ಹಾಗೆ ಹತ್ತಿರ ಬಂದು, ಹೆಗಲ ಮೇಲೆ ಕೈ ಹಾಕಿದರು. "ಇವಂದು ಒಂದೇ ಭಟ್ಟಿ. ಹಂಗಾಮು ಪೂರ್ತಿ ಇವನ ಗಿರಾಕಿಗಳಿಗೆ ನನ್ನ ಹರಿಹರದ ಭಟ್ಟಿಯಿಂದ ಮಾಲು ಕೊಡ್ತೀನಿ, ಇವನ ಹೆಸರಿನಾಗೇ. ಸರ್ಕಾರ ದುಡ್ಡು ಹಾಳು ಮಾಡೋದೇ ಖರೆ ಆದ್ರೆ, ನಾ ಮುಂದ ಕುಂತು ನೋಡ್ತೀನಿ. ಮೇಷ್ಟ್ರೆ, ಬೈತೀನಿ ಮತ್ತೆ. ಪೇಪರಿಗೂ ಬರಿತೀನಿ."

"ಬರೀರಿ" ಎಂದರು ಮೇಷ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಮಿರ್ಚಿ ಖಾರವಿರಬೇಕು.

ಈಗ ನನ್ನ ಭಟ್ಟಿಯಲ್ಲಿ ಎರಡು ಬಾಣಲೆಗಳಿವೆ, ಅಡಿಯಲ್ಲಿ ಬೆಂಕಿಯ ಬದಲು ತಂತಿಗಳು. ಮೊದಲ ದಿನದ ಅಕ್ಕಿ ಕರ್ರಗಾಯಿತು. ಬಿಸಾಡಲು ಹೋದ ಕೆಲಸದವಳನ್ನು ತಡೆದು, ಖಾಲಿ ಉಪ್ಪಿನಕಾಯಿ ಬಾಟಲಿಗೆ ತುಂಬಿ, ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ ಇಟ್ಟೆ. ಆ ಗೂಡಿನಲ್ಲಿ ಈಗ ದೀಪಕ್ಕೆ ಜಾಗ ಸಾಲದು. ಬಂದ ಗಿರಾಕಿಗಳು ಇದೇನು ಎನ್ನುತ್ತಾರೆ. ಮೊದಲು ಅದನ್ನೇ ತೋರಿಸಿ, ಆಮೇಲೆ ಒಳಗೆ ಕರೆಯುತ್ತೇನೆ. ರುದ್ರಣ್ಣ ದಿನ ಬಿಟ್ಟು ದಿನ ಹರಿಹರದಿಂದ ಬಂದು, ಬಾಟಲಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಮೇಷ್ಟರನ್ನು ಮನಸಾರೆ ಬೈದು, ಕೋಟು ಬಿಚ್ಚಿ ತಾವೇ ಜರಡಿ ಹಿಡಿಯುತ್ತಾರೆ.

ಮೊನ್ನೆ ಅಕ್ಕಿಗೆಂದು ಹರಿಹರಕ್ಕೆ ಹೊರಟವನು ಬಾತಿಯಲ್ಲಿ ಇಳಿದು ವಾಪಸ್ ಬಂದೆ. ಓಣಿಗೆ ಕಾಲಿಟ್ಟಾಗ ಭಟ್ಟಿಯ ಬಾಗಿಲು ತೆರೆದಿತ್ತು. ಒಳಗೆ ಬಾಣಲೆಗಳ ನಡುವೆ ಶಾಂತ ನಿಂತಿದ್ದಳು, ಕೈಯಲ್ಲಿ ಜರಡಿ.

"ಮತ್ತೆ ಗ್ಯಾಸೇನ್ರಿ?" ಎಂದಳು.

"ಅಲ್ಲ. ಮೂರನೇ ಸಲದ ಅಕ್ಕಿ ಅರಳಿತ್ತು, ನಾಲ್ಕನೇದು ಏನಾಯ್ತು ಅಂತ ನೋಡಾಕೆ."

ಅವಳು ಗೂಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಹೊಸ ಬಾಟಲಿ ಕೂತಿತ್ತು, ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದು ಅವಳ ಕಡೆ ತಿರುಗಿದಾಗ ಕಂಡಿತು: ಅವಳ ಸೆರಗು ಮೂಗಿನ ಮೇಲಿರಲಿಲ್ಲ, ಹೆಗಲ ಮೇಲೆಯೇ ಇತ್ತು.